ಅಡ್ಡಾಡಪ್ಪನ ಹೆಂಡತಿ

ಆ ಮಾತು ಆಡಿದವನು ಸಂಜೀವಪ್ಪ. ಬೇರೆ ಯಾರಾದರೂ ಆಡಿದ್ದರೆ ಅಮ್ಮಯಮ್ಮ ಅಲ್ಲೇ, ಸಪ್ಪಲಮ್ಮನ ಗುಡಿಯ ಮುಂದೆಯೇ, ಅವನ ಗ್ರಹಚಾರ ಬಿಡಿಸುತ್ತಿದ್ದಳು. ಸಂಜೀವಪ್ಪ ಅವಳ ಗಂಡನ ಜೀವದ ಗೆಳೆಯ. ಅವನ ಬಾಯಿಂದ ಬಂತಲ್ಲ ಅಂತಲೇ ಅವಳ ಹೊಟ್ಟೆ ಇನ್ನಷ್ಟು ಉರಿಯಿತು.

"ಹೆಂಡ್ತಿ ಪಾತ್ರಕ್ಕೆ ಯಾರು ಅಂತ ಯಾಕೆ ತಲೆ ಕೆಡಿಸ್ಕೋತೀರಿ? ನಮ್ಮ ಪಿಳ್ಳಪ್ಪ ಇದ್ದೇ ಅವ್ನಲ್ಲ," ಅಂದ ಅವನು. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೆಲ್ಲ "ಹೂಂ ಮತ್ತೆ, ಇನ್ಯಾರು" ಎಂದು ತಲೆಯಾಡಿಸಿದರು. ಎಲೆ ಅಡಿಕೆ ಕೈಯಿಂದ ಕೈಗೆ ಹೋಯಿತು. ತಾವು ಏನು ಅಂದೆವು ಅನ್ನುವುದು ಆ ಮಹಾನುಭಾವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಮಾಕಳಿದುರ್ಗದ ಬುಡದ ಆ ಊರಲ್ಲಿ ನಾಟಕವೆಂದರೆ ಗಂಡಸರೇ ಸೀರೆ ಉಟ್ಟು ಹೆಂಗಸರಾಗಬೇಕು. ಸೀರೆ ಉಡುವವನಿಗೆ ಮೀಸೆ ಇರಬಾರದು. ಆದರೆ ಅಪ್ಪ ಬದುಕಿರುವ ಗಂಡಸು ಮೀಸೆ ತೆಗೆಸುವ ಹಾಗಿಲ್ಲ. ಮೂತಿಯ ಮೇಲೆ ಕತ್ತಿ ಆಡುವುದು ಅಪ್ಪನನ್ನು ಮಣ್ಣು ಮಾಡಿದ ಮೇಲೆ. ಹಾಗಾಗಿ ತಲೆತಲಾಂತರದಿಂದ ಅಲ್ಲಿ ಹೆಣ್ಣುಪಾತ್ರ ಅಪ್ಪ ಇಲ್ಲದವರ ಪಾಲು. ಊರಲ್ಲಿ ಯಾವನಾದರೂ ಮುದುಕ ಕಣ್ಣು ಮುಚ್ಚಿದ ಅಂದರೆ, ಅಳುವವರು ಇನ್ನೂ ಅಳುತ್ತಿರುವಾಗಲೇ ನಾಟಕದ ಹುಚ್ಚಿನವರು ಮಗನ ಬೋಳುಮೂತಿಯನ್ನು ಓರೆಗಣ್ಣಲ್ಲಿ ಅಳೆಯುತ್ತಿದ್ದರು. ಅಂಥ ಪಾಪಿಗಳು! ಈಗ ಪಿಳ್ಳಪ್ಪನಿಗೆ ಆ ಪಾತ್ರ ಕೊಟ್ಟರು ಅಂದರೆ ಏನಾಯಿತು? ಅವನ ಅಪ್ಪ, ಅಮ್ಮಯಮ್ಮನ ಗಂಡ ಗಂಗಣ್ಣನಿಗೆ ಊರೆಲ್ಲ ಸೇರಿ ಎಳ್ಳುನೀರು ಬಿಟ್ಟ ಹಾಗಾಯಿತು.

ಹೆಂಗಸರ ಗುಂಪಿನಲ್ಲಿ ನಿಂತಿದ್ದ ಅಮ್ಮಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಸಂಜೀವಣ್ಣ, ನನ್ನ ಮಗನ ಮೀಸೆ ಯಾರು ತೆಗೀತಾರೆ? ನೀನೇ ತೆಗೀತೀಯಾ?"

ಸಂಜೀವಪ್ಪ ಎಲೆ ಅಗಿಯುವುದನ್ನು ನಿಲ್ಲಿಸಿದ. ಆಗ ಹೊಳೆಯಿತು ಅವನಿಗೆ. "ಅಯ್ಯೋ ಅತ್ತಿಗೆ... ನಾನು ಹಂಗಂದಿದ್ದಲ್ಲ... ಬಾಯಿ ತಪ್ಪಿ..."

"ಬಾಯಿ ತಪ್ಪಲಿಲ್ಲ ಕಣಣ್ಣ. ಮನಸ್ಸಲ್ಲಿದ್ದಿದ್ದು ಬಂತು."

ಅಷ್ಟು ಹೇಳಿ ಹೊರಟೇಬಿಟ್ಟಳು. ಮನೆ ಮುಟ್ಟುವವರೆಗೆ ಕಣ್ಣಲ್ಲಿ ನೀರು ಬರದ ಹಾಗೆ ಹಲ್ಲು ಕಚ್ಚಿಕೊಂಡಿದ್ದಳು. ಬೀದಿಯಲ್ಲಿ ಅತ್ತರೆ ಅದಕ್ಕೂ ಒಂದು ಅರ್ಥ ಕಟ್ಟುವ ಜನ.

ಗಂಗಣ್ಣ ಯುದ್ಧಕ್ಕೆ ಹೋಗಿ ಐದನೇ ವರ್ಷ ನಡೆಯುತ್ತಿತ್ತು. ದೊಡ್ಡಬಳ್ಳಾಪುರದ ಬಸ್ಸಿನವರ ಸಹವಾಸ ಮಾಡಿ ಮೋಟಾರು ಓಡಿಸುವುದು ಕಲಿತಿದ್ದ. ಕಲಿತದ್ದೇ ಶನಿಯಾಯಿತು. ಪಟಾಲಮಿಗೆ ಲಾರಿ ಡ್ರೈವರುಗಳು ಬೇಕು ಅಂತ ಸಾರಿದರು, ಇವನು ಎದೆ ಉಬ್ಬಿಸಿಕೊಂಡು ಹೋಗಿ ಹೆಸರು ಕೊಟ್ಟ. ಮಾಕಳಿದುರ್ಗದ ಸ್ಟೇಷನ್ನಿನಲ್ಲಿ ರೈಲು ಹತ್ತುವ ಮುಂಚೆ ಸಪ್ಪಲಮ್ಮನ ಗುಡಿಯಲ್ಲಿ ಉದ್ದಂಡ ಅಡ್ಡಬಿದ್ದು ಹರಕೆ ಹೊತ್ತ: "ತಿರುಗಿ ಬಂದ್ರೆ ನಿನ್ನ ಮುಂದೆ ಕದದ ಆಟ ಆಡಿಸ್ತೀನಿ ತಾಯಿ, ಹೆಂಡ್ತಿ ಪಾತ್ರ ನಾನೇ ಕಟ್ತೀನಿ." ಅಪ್ಪ ತೀರಿಕೊಂಡಾಗಿನಿಂದ ಆ ಪಾತ್ರ ಅವನದೇ. ಅವನು ಸೀರೆ ಉಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತರೆ ಸಾಕು, ಜನ ಬಿದ್ದು ಬಿದ್ದು ನಗುತ್ತಿದ್ದರು.

ಸಿಂಗಪುರ ಜಪಾನಿನವರ ಪಾಲಾದ ಮೇಲೆ ಅವನ ಸುದ್ದಿಯಿಲ್ಲ. ಯುದ್ಧ ಮುಗಿಯಿತು. ಬರುವವರೆಲ್ಲ ಬಂದರು. ತೂಬಗೆರೆ ಕಡೆಯವನೊಬ್ಬ ಸೆರೆಯಿಂದ ಬಿಟ್ಟು ಬಂದಿದ್ದಾನೆ ಅಂತ ಕೇಳಿ ಅಮ್ಮಯಮ್ಮ ಮಗನನ್ನು ಕರೆದುಕೊಂಡು ಅಲ್ಲಿಗೆ ನಡೆದು ಹೋದಳು. ಆ ಮನುಷ್ಯ ಅವಳ ಹಣೆಯ ಕುಂಕುಮ ನೋಡಿದ, ನೆಲ ನೋಡಿದ. "ಲಾರಿಯೋರನ್ನ ಬೇರೆ ಕಡೆ ಕರ್ಕೊಂಡೋದ್ರು ಕಣವ್ವ, ಆಮೇಲೆ ನಾನು ಕಾಣೆ," ಅಂದ. ಕಾಣೆ ಅಂದರೆ ಇಲ್ಲ ಅಂತೇನೂ ಅಲ್ಲವಲ್ಲ. ಆ ಒಂದು ಮಾತನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

ನೆಂಟರಿಷ್ಟರು ಸುಮ್ಮನಿರುತ್ತಾರೆಯೇ? "ಒಂದು ತಿಥಿ ಅಂತ ಮಾಡಿ ಮುಗಿಸ್ಬಿಡಿ, ಜೀವ ಅಲೀಬಾರ್ದು," ಅಂತ ಶುರು ಹಚ್ಚಿಕೊಂಡರು. ಹಾಗಂದ ತನ್ನದೇ ಓರಗಿತ್ತಿಯ ಮೇಲೆ ಅತ್ತೆ ಅಕ್ಕಯಮ್ಮ ಒನಕೆ ಎತ್ತಿಕೊಂಡು ಹೋಗಿದ್ದಳು. ಅಕ್ಕಯಮ್ಮನಿಗೆ ಕಣ್ಣು ಮಂಜು, ಬಾಯಿಗೆ ಮಾತ್ರ ಯಾವ ಮಂಜೂ ಇಲ್ಲ. ಮಗ ಹೋದಾಗಿನಿಂದ ಒಂದು ಹನಿ ಕಣ್ಣೀರು ಹಾಕಿದವಳಲ್ಲ. "ನನ್ನ ಮಗ ಬರ್ತಾನೆ. ಬರ್ಲಿ, ಕೂರ್ಸಿ ಎರಡು ಬಿಡ್ತೀನಿ," ಅನ್ನುತ್ತಿದ್ದಳು. ಆ ಮುದುಕಿಯ ಗಂಟಲೊಂದನ್ನು ನಂಬಿಕೊಂಡೇ ಅಮ್ಮಯಮ್ಮ ಇಷ್ಟು ವರ್ಷ ದೂಡಿದ್ದಳು. ತನಗೆ ಧೈರ್ಯ ಕುಸಿದಾಗಲೆಲ್ಲ ಅತ್ತೆಯ ಪಕ್ಕ ಹೋಗಿ ಕೂರುವಳು. ಅತ್ತೆ ಮಗನನ್ನು ಬೈಯುತ್ತ ಬೈಯುತ್ತ ಅವನನ್ನು ನಡುಮನೆಗೇ ತಂದು ನಿಲ್ಲಿಸಿಬಿಡುವಳು.

ಆ ಅಕ್ಕಯಮ್ಮನೇ ಪೂಜಾರಿ ಆವಲಪ್ಪನಿಂದ ದೇವಿಯಲ್ಲಿ ಹೂವು ಕೇಳಿಸಿದ್ದು. ಬಲಗಡೆ ಹೂವು ಬಿತ್ತು. "ಬರ್ತಾನಂತೆ ಕಣಮ್ಮ. ಬಾಕಿ ಹರಕೆ ಅವನ ಕಾಲಿಗೆ ತೊಡರ್ಕೊಂಡೈತೆ. ಆಟ ಆಡ್ಸಿ, ತಾಯಿ ದಾರಿ ಬಿಡ್ತಾಳೆ," ಅಂದ ಆವಲಪ್ಪ. ಅವತ್ತು ಅತ್ತೆ ಸೊಸೆ ಇಬ್ಬರೂ ಹೊಟ್ಟೆ ತುಂಬ ಮುದ್ದೆ ಉಂಡರು. ಆದರೆ ಆವಲಪ್ಪ ಹಿಂದೆಯೇ ಇನ್ನೊಂದು ಮಾತು ಸೇರಿಸಿದ್ದ: "ಹರಕೆ ಹೊತ್ತ ಮನೆಯೋರೇ ಆ ಪಾತ್ರಕ್ಕೆ ಬಣ್ಣ ಹಚ್ಬೇಕು. ಆಟದಲ್ಲಿ ಒಂದು ಮಾತೂ ಬಿಡೋ ಹಾಗಿಲ್ಲ. ಅರ್ಧಕ್ಕೆ ನಿಂತ್ರೆ ಆಡ್ಸದೇ ಇದ್ದಿದ್ದೇ ವಾಸಿ." ಆ ಆಟಕ್ಕೆ ಪಾತ್ರ ಹಂಚಲು ಗುಡಿಯ ಮುಂದೆ ಸೇರಿದಾಗಲೇ ಸಂಜೀವಪ್ಪ ಪಿಳ್ಳಪ್ಪನ ಹೆಸರೆತ್ತಿದ್ದು.

ಆ ಮನೆಯಲ್ಲಿ ಗಂಡಸು ಅಂತ ಇರುವವನು ಪಿಳ್ಳಪ್ಪ ಒಬ್ಬ. ಗಂಟು ಹೇಗೆ ಬಿತ್ತು ನೋಡಿ. ಅಪ್ಪ ಬದುಕಿ ಬರಲಿ ಅಂತ ಆಟ. ಆಟಕ್ಕೆ ಮಗ ಮೀಸೆ ತೆಗೆಸಬೇಕು. ಮೀಸೆ ತೆಗೆಸಿದ ಮಗ ಅಪ್ಪ ಇಲ್ಲ ಅಂತ ಊರಿಗೆ ಸಾರಿದ ಹಾಗೆ. ಅಪ್ಪ ಇಲ್ಲ ಅಂದಮೇಲೆ ಹರಕೆ ಯಾವ ಸುಖಕ್ಕೆ? ಅಮ್ಮಯಮ್ಮ ರಾಗಿ ಬೀಸುತ್ತ, ಸಗಣಿ ಬಾಚುತ್ತ, ನೀರು ಸೇದುತ್ತ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಯಾವ ಕಡೆಯಿಂದ ಎಳೆದರೂ ಬಿಚ್ಚಿಕೊಳ್ಳಲಿಲ್ಲ.

ಪಿಳ್ಳಪ್ಪ ಪಾಪದ ಹುಡುಗ. ಅವ್ವನ ಒದ್ದಾಟ ನೋಡಲಾರದೆ, "ಕೂದ್ಲು ತಾನೆ ಅವ್ವ, ತೆಗೆದ್ರೆ ಮತ್ತೆ ಬರ್ತದೆ. ಅಪ್ಪ ಬರೋದ್ರೊಳಗೆ ಬೆಳೆದಿರ್ತದೆ," ಅಂದ. ಅಮ್ಮಯಮ್ಮ ಫಟಾರನೆ ಕೆನ್ನೆಗೆ ಬಾರಿಸಿದಳು. "ಇನ್ನೊಂದು ಸಲ ಆ ಮಾತು ಬಂದ್ರೆ ನಾಲ್ಗೆ ಸೀಳ್ತೀನಿ!" ಹೊಡೆದ ಕೈಯಲ್ಲೇ ಅವನ ತಲೆಯನ್ನು ಎದೆಗೆ ಎಳೆದುಕೊಂಡು ಗೊಳೋ ಅಂತ ಅತ್ತಳು. ಈಗಷ್ಟೇ ಗಟ್ಟಿಯಾಗುತ್ತಿದ್ದ ಆ ನಾಲ್ಕು ಕೂದಲಿನ ಮೇಲೆ ಅವಳ ಗಂಡನ ಜೀವ ನಿಂತಿತ್ತು.

ಸಂಜೀವಪ್ಪನಿಗೆ ತಾನು ಆಡಿದ ಮಾತು ಕರುಳಿಗೆ ಚುಚ್ಚುತ್ತಿತ್ತು. ಒಂದು ಬೆಳಿಗ್ಗೆ ಅಕ್ಕಿಹಿಟ್ಟಿನ ಅಂಟು ಕಾಯಿಸಿಕೊಂಡು ಬಂದ. ಮೀಸೆಯ ಮೇಲೆ ಅದನ್ನು ಮೆತ್ತಿ, ಮೇಲೆ ಬಿಳಿ ಬಣ್ಣ ಬಳಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಅವನ ಉಪಾಯ. ಪಿಳ್ಳಪ್ಪನನ್ನು ಜಗಲಿಯ ಮೇಲೆ ಕೂರಿಸಿ ಮೆತ್ತಿದ. ಹುಡುಗ ಉಸಿರು ಬಿಗಿಹಿಡಿದು ಕೂತಿದ್ದವನು ಒಂದೇ ಒಂದು ಸಲ ಸೀನಿದ ನೋಡಿ, ಅಂಟು ಬಿರುಕು ಬಿಟ್ಟು ಬಿಳೀ ಮೀಸೆಯ ತಾತನಾಗಿಬಿಟ್ಟ. ಅಮ್ಮಯಮ್ಮನಿಗೂ ನಗು ತಡೆಯಲಾಗಲಿಲ್ಲ. ಎಷ್ಟು ಕಾಲವಾಗಿತ್ತೋ ಆ ಜಗಲಿ ನಗು ಕೇಳಿ. ಆದರೆ ದಾರಿಯಲ್ಲಿ ಹೋಗುತ್ತಿದ್ದ ಆವಲಪ್ಪ ನಿಂತು ನೋಡಿ, "ದೇವಿ ಮುಂದೇನೇ ಮುಚ್ಚುಮರೆ ಮಾಡ್ತೀರಾ? ಸರಿ ಹೋಯ್ತು," ಅಂದು ಮುಂದಕ್ಕೆ ಹೋದ. ನಗು ಅಲ್ಲಿಗೇ ನಿಂತಿತು.

ಆಗಲೇ ಅಮ್ಮಯಮ್ಮನ ಬಾಯಿಂದ ಅದು ಬಂದದ್ದು. ಯೋಚನೆ ಮಾಡಿ ಆಡಿದ್ದಲ್ಲ.

"ಪೂಜಾರಪ್ಪ, ನಿಂತ್ಕೊ. ನಾನೂ ಆ ಮನೆಯೋಳೇ ಅಲ್ವಾ? ನಂಗೆ ತೆಗೆಸೋಕೆ ಮೀಸೆ ಇಲ್ಲ."

ಆವಲಪ್ಪ ಬಾಯಿ ತೆರೆದ, ಮುಚ್ಚಿದ. ಊರು ಮಾತ್ರ ಮುಚ್ಚಲಿಲ್ಲ. ಅವತ್ತು ಸಂಜೆಯೇ ಕಟ್ಟೆಯ ಮೇಲೆ ಗಲಾಟೆ. ಸಂಸಾರಸ್ಥ ಹೆಂಗಸು ಬಣ್ಣ ಹಚ್ಚಿ ನಿಲ್ಲುವುದೇ! ಪರಗಂಡಸಿನ ಕೈಲಿ ಹೆಂಡತಿ ಅನ್ನಿಸಿಕೊಳ್ಳುವುದೇ! ನಾಳೆ ನಮ್ಮ ಮನೆಯ ಹೆಂಗಸರೂ ಕೇಳಿದರೆ? ಹೀಗೆ ಒಬ್ಬೊಬ್ಬರದು ಒಂದೊಂದು ಕೂಗು. ಅಕ್ಕಯಮ್ಮ ಕೋಲೂರಿಕೊಂಡು ಬಂದು ನಡುವೆ ನಿಂತಳು.

"ನನ್ನ ಸೊಸೆ ತನ್ನ ಗಂಡನ್ನ ಕರೆಯೋಕೆ ನಿಲ್ತಾಳೆ ಕಣ್ರೋ. ನಿಮ್ಮ ಹೆಂಡ್ರು ನಿಂತು ಕರೆದ್ರೆ ನೀವು ಬರೋ ಪೈಕಿನಾ? ನಾಚಿಕೆ ಆಗೋರು ಮನೇಲಿ ಮಕಾಡೆ ಮಲಗ್ರಿ!"

ಯಾರೋ ಕಿಸಕ್ಕನೆ ನಕ್ಕರು. ದೇವಿಯೂ ಹೆಣ್ಣೇ ತಾನೆ, ಬೇಡ ಅನ್ನುವುದಿಲ್ಲ ಅಂತ ಆವಲಪ್ಪ ಮೆಲ್ಲಗೆ ಅಂದ. ಅಲ್ಲಿಗೆ ತೀರ್ಮಾನವಾಯಿತು.

ಪಾತ್ರ ಕಲಿಯುವ ಕಷ್ಟ ಅವಳಿಗೆ ಇರಲಿಲ್ಲ. ಕದದ ಆಟಕ್ಕೆ ಪುಸ್ತಕವಿಲ್ಲ. ತಾತನ ಕಾಲದಿಂದ ಬಾಯಿಂದ ಬಾಯಿಗೆ ಬಂದದ್ದು. ಗಂಗಣ್ಣ ಅದನ್ನು ಮನೆಯಲ್ಲೇ ರೂಢಿ ಮಾಡುತ್ತಿದ್ದ. ಅವಳು ರಾಗಿ ಬೀಸಲು ಕೂತರೆ ಎದುರಿಗೆ ಬಂದು, "ಲೇ, ನೀನು ಗಂಡನಾಗೇ, ಕದ ತಟ್ಟು," ಅನ್ನುತ್ತಿದ್ದ. ಅವಳು ಬೀಸುಕಲ್ಲಿನ ಗೂಟ ಹಿಡಿದೇ ಗಂಡನ ಗಂಟಲಲ್ಲಿ ಗೋಗರೆಯುವಳು, ಅವನು ಬಳುಕಿಕೊಂಡು ಬೈಯುವನು. ನಕ್ಕು ನಕ್ಕು ಹಿಟ್ಟೆಲ್ಲ ಚೆಲ್ಲಿ ಅಕ್ಕಯಮ್ಮನಿಂದ ಇಬ್ಬರಿಗೂ ಬೈಗುಳ ಬೀಳುತ್ತಿತ್ತು.

ಆಟದ ಕಥೆ ಇಷ್ಟೇ. ಅಡ್ಡಾಡಪ್ಪ ಅನ್ನುವವನೊಬ್ಬ ಸಂತೆಗೆ ಉಪ್ಪು ತರಲು ಹೋಗಿ, ಅಲ್ಲಿ ಇಲ್ಲಿ ಅಡ್ಡಾಡಿಕೊಂಡು ತಿಂಗಳುಗಟ್ಟಲೆ ಕಳೆದು ಮನೆಗೆ ಬರುತ್ತಾನೆ. ರೇಗಿದ ಹೆಂಡತಿ ಒಳಗಿನಿಂದ ಅಗುಳಿ ಹಾಕಿಕೊಂಡು, ನೀನು ಯಾರೋ ನಾನು ಕಾಣೆ ಅನ್ನುತ್ತಾಳೆ. ತಾನು ಬದುಕಿದ್ದೇನೆ ಅನ್ನುವುದಕ್ಕೆ ಸಾಕ್ಷಿ ಹೇಳಿ ಅಂತ ಅವನು ಶಾನುಭೋಗರ ಕಾಲಿಗೆ ಬಿದ್ದರೆ, ಸತ್ತ ಅಂತ ಲೆಕ್ಕದಲ್ಲಿ ಬರೆದದ್ದನ್ನು ಹೊಡೆದು ಹಾಕುವ ಅಭ್ಯಾಸ ನನಗಿಲ್ಲ ಅನ್ನುತ್ತಾನೆ ಶಾನುಭೋಗ. ಪುರೋಹಿತನನ್ನು ಕೇಳಿದರೆ, ನಿನ್ನ ತಿಥಿ ಊಟ ಅರಗಿಹೋಯಿತಲ್ಲಪ್ಪ ಅನ್ನುತ್ತಾನೆ. ಕೊನೆಗೆ ಅಡ್ಡಾಡಪ್ಪ ತಾನು ಸತ್ತಿರುವುದೇ ನಿಜವೇನೋ ಅಂತ ತನಗೆ ತಾನೇ ಅಳುತ್ತ ಕೂರುತ್ತಾನೆ; ಇಷ್ಟು ಅಪಸ್ವರವಾಗಿ ಅಳುವವನು ನನ್ನ ಗಂಡ ಒಬ್ಬನೇ ಎಂದು ಹೆಂಡತಿ ಕದ ತೆಗೆಯುತ್ತಾಳೆ.

ಎಲ್ಲಕ್ಕಿಂತ ದೊಡ್ಡ ನಗು ಬೀಳುವುದು ಮೊದಲ ಸಲ ಅವನು ಕದ ತಟ್ಟಿದಾಗ. ಆಗ ಒಳಗಿನಿಂದ ಹೆಂಡತಿ ಹೇಳುವ ಮಾತು: "ನನ್ನ ಗಂಡ ಸತ್ತ. ಸತ್ತೋರಿಗೆ ನಮ್ಮನೇಲಿ ಕದ ತೆಗಿಯಲ್ಲ."

ಮೀಸೆಯಿಂದ ತಪ್ಪಿಸಿಕೊಂಡ ಅಮ್ಮಯಮ್ಮ ಈ ಮಾತಿನ ಬಾಯಿಗೆ ಬಿದ್ದಿದ್ದಳು. ಗಂಗಣ್ಣನ ಬಾಯಲ್ಲಿ ಅದು ನಗು. ಅವಳ ಬಾಯಲ್ಲಿ? ಬಳೆ ಒಡೆದರೆ ಒಡೆಯಿತು ಅನ್ನದೆ ಹೆಚ್ಚಿತು ಅನ್ನುವ ಜನ, ದೀಪ ಆರಿಸು ಅನ್ನದೆ ದೊಡ್ಡದು ಮಾಡು ಅನ್ನುವ ಜನ. ಅಂಥದ್ದರಲ್ಲಿ ಗಂಡ ಎಲ್ಲಿದ್ದಾನೋ ತಿಳಿಯದವಳು, ಅವನನ್ನು ಕರೆಯಲೆಂದೇ ಆಡುವ ಆಟದಲ್ಲಿ, ದೇವಿಯ ಎದುರು, ತನ್ನ ಬಾಯಾರೆ ಅದನ್ನು ಹೇಳಬೇಕು. ಬಿಡುವ ಹಾಗೂ ಇಲ್ಲ. ಬಿಟ್ಟರೆ ಹರಕೆ ಕೆಟ್ಟಿತು.

ರೂಢಿ ನಡೆಯುವಾಗ ಸಂಜೀವಪ್ಪ ಆ ಮಾತನ್ನು ಅವಳಿಂದ ಹೇಳಿಸಲಿಲ್ಲ. ಅವನದೇ ಅಡ್ಡಾಡಪ್ಪನ ಪಾತ್ರ. "ಲೇ ಇವಳೇ, ಕದ ತೆಗಿಯೇ" ಅನ್ನುವನು, ಅಂದ ಮರುಗಳಿಗೆಗೆ ಕೆನ್ನೆ ಕೆನ್ನೆ ಬಡಿದುಕೊಂಡು "ತಪ್ಪಾಯ್ತು ಅತ್ತಿಗೆ" ಅನ್ನುವನು, ಆಮೇಲೆ "ಇಲ್ಲಿ ನಿಮ್ಮ ಆ ಮಾತು ಬರ್ತದೆ, ಆಯ್ತು, ಮುಂದಕ್ಕೆ," ಅಂತ ದಾಟಿಸಿಬಿಡುವನು. ಹೀಗೆ ಆಟದ ದಿನದವರೆಗೂ ಆ ಮಾತು ಅವಳ ಗಂಟಲೊಳಗೇ ಉಳಿಯಿತು. ಒಂದು ದಿನ ತಡೆಯಲಾರದೆ ಕೇಳಿದಳು.

"ಸಂಜೀವಣ್ಣ, ಜನ ನಗ್ತಾರೆ ತಾನೆ?"

"ಆ ಮಾತಿಗೆ ನಗದೇ ಇರೋ ಜನ ಇನ್ನೂ ಹುಟ್ಟಿಲ್ಲ ಅತ್ತಿಗೆ."

"ನಕ್ಬಿಟ್ರೆ ಸಾಕು. ನಕ್ರೆ ಅದು ಆಟದ ಮಾತು. ನಗಲಿಲ್ಲ ಅಂದ್ರೆ..." ಅವತ್ತಿನಿಂದ ಅವಳ ಪ್ರಾಣವೆಲ್ಲ ಆ ಒಂದು ನಗುವಿನ ಮೇಲೆ ಕೂತಿತು. ಊರು ನಕ್ಕರೆ ದೇವಿ ನಕ್ಕ ಹಾಗೆ, ಮಾತು ಹುಸಿ, ಗಂಡ ಎಲ್ಲೋ ರೈಲಿನಲ್ಲಿ ಬರುತ್ತಿದ್ದಾನೆ. ಹೀಗೆ ಲೆಕ್ಕ ಹಾಕಿಕೊಂಡಳು.

ಸೀಮೆಎಣ್ಣೆ ರೇಷನ್ನಿನ ಕಾಲ. ರಾತ್ರಿಯಿಡೀ ಗ್ಯಾಸ್‌ಲೈಟು ಉರಿಸುವುದು ಕನಸಿನ ಮಾತು. ಕಣದಲ್ಲಿ ರಾಗಿ ಕೆಲಸ ಮುಗಿದ ಮೇಲೆ, ಅಲ್ಲೇ ಅಟ್ಟಣೆ ಕಟ್ಟಿ ಚಪ್ಪರ ಹಾಕಿ, ಮಧ್ಯಾಹ್ನದ ಊಟ ಮುಗಿಸಿದ ಹೊತ್ತಿಗೆ ಆಟ ಇಟ್ಟುಕೊಂಡರು. ಹರಕೆ ಮನೆಯ ಕದವೇ ಆಗಬೇಕು ಅಂತ ಪದ್ಧತಿ. ಪಿಳ್ಳಪ್ಪ ಮನೆಯ ಕದವನ್ನು ಬುಡಸಮೇತ ಎತ್ತಿ ಹೊತ್ತು ತಂದು ಎರಡು ಕಂಬದ ನಡುವೆ ನಿಲ್ಲಿಸಿದ. ಸಪ್ಪಲಮ್ಮನ ಉತ್ಸವಮೂರ್ತಿಯನ್ನು ಎದುರಿಗೆ ಕೂರಿಸಿದರು. ಪಕ್ಕದಲ್ಲಿ ಚಾಪೆ ಹಾಸಿ ಅಕ್ಕಯಮ್ಮನನ್ನು ಕೂರಿಸಿದರು. ಸುತ್ತಲ ಹಳ್ಳಿಗಳಿಂದಲೂ ಜನ ಬಂದಿದ್ದರು. ಹೆಂಗಸು ಬಣ್ಣ ಹಚ್ಚುತ್ತಾಳಂತೆ ಅಂದರೆ ಬರದಿರುತ್ತಾರೆಯೇ?

ಪರದೆ ಸರಿದು ಅಮ್ಮಯಮ್ಮ ಮುಂದೆ ಬಂದಾಗ ಕಣವೆಲ್ಲ ಗಪ್‌ಚಿಪ್. ಬಾಯಿ ಬಿಟ್ಟರೆ ದನಿ ಹೊರಡಲಿಲ್ಲ. ಏನು ಮಾಡುವುದು ಅಂತ ತೋಚದೆ, ಗಂಡ ಮಾಡುತ್ತಿದ್ದ ಹಾಗೆ ಸೊಂಟದ ಮೇಲೆ ಕೈಯಿಟ್ಟು, ಕತ್ತು ಕೊಂಕಿಸಿ, ಸಂಜೀವಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಯಾರೋ ಹಿಂದೆ ಗೊಳ್ಳನೆ ನಕ್ಕರು. ಅಷ್ಟು ಸಾಕಾಯಿತು. "ಉಪ್ಪು ತಾ ಅಂದ್ರೆ ಉಪ್ಪೇ ತರ್ಬೇಕು. ಹೋದ ಸಲ ಬೆಲ್ಲಕ್ಕೆ ಹೋದೋನು ಕೋತಿ ಹಿಡ್ಕೊಂಡು ಬಂದೆ!" ಅಂದಳು. ಕಣ ನಕ್ಕಿತು. ಮತ್ತೊಂದು ಮಾತು, ಮತ್ತೆ ನಗು. ಮೂಗು ಮುರಿಯುತ್ತಿದ್ದ ಹಿರಿಯರೂ ಮಂಡಿ ತಟ್ಟಿಕೊಂಡರು. ಅಮ್ಮಯಮ್ಮನಿಗೆ ಮೈಯಲ್ಲಿ ಬಿಸಿ ಏರಿತು. ಆಹಾ, ಇದೇ ರುಚಿಗೆ ಅಲ್ಲವೇ ತನ್ನ ಗಂಡ ಸೀರೆ ಉಡುತ್ತಿದ್ದದ್ದು!

ಅದೇ ಹೆಚ್ಚಾಯಿತೋ ಏನೋ. ಅವಳು ಆಡಿದ್ದೆಲ್ಲ ಗಂಗಣ್ಣನ ಆಟ. ಕಣ್ಣು ತಿರುಗಿಸುವುದು ಅವನದು, ಮಾತಿನ ಕೊನೆಗೆ "ಹುಂ" ಅನ್ನುವುದು ಅವನದು, ಸೆರಗು ಒದರುವುದು ಅವನದು. ಮುಂದೆ ಕೂತಿದ್ದ ಮುದುಕನೊಬ್ಬ ನಗುತ್ತ ನಗುತ್ತಲೇ, "ಗಂಗಣ್ಣನೇ ಬಂದು ನಿಂತಂಗೈತೆ ಕಣ್ರೋ," ಅಂದುಬಿಟ್ಟ. ಅಷ್ಟೇ. ಆ ಮಾತು ಒಬ್ಬರಿಂದೊಬ್ಬರಿಗೆ ಹಿಂದಿನ ಸಾಲಿನವರೆಗೂ ಹೋಯಿತು. ಹೆಂಗಸರು ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡರು.

ಕದದ ಹಿಂದೆ ಹೋಗಿ ಅಗುಳಿ ಹಾಕಿಕೊಂಡ ಅಮ್ಮಯಮ್ಮನಿಗೆ ಇದು ಗೊತ್ತಿಲ್ಲ. ಅವಳಿಗೆ ಮುಂದೆ ಕಾಣುವುದು ತನ್ನ ಮನೆಯ ಮರದ ಹಲಗೆ ಒಂದೇ. ಆಚೆ ಸಂಜೀವಪ್ಪ ಉಪ್ಪಿನ ಕುಕ್ಕೆ ಹೊತ್ತು, ಹಾಡು ಹೇಳಿಕೊಂಡು, ಎಡವಿಕೊಂಡು ಬಂದ. ಕದ ತಟ್ಟಿದ.

"ಲೇ ಇವಳೇ, ಕದ ತೆಗಿಯೇ. ನಾನು ಕಣೇ, ನಿನ್ನ ಗಂಡ. ಬಂದ್ಬಿಟ್ಟೆ ಕಣೇ!"

ಅಮ್ಮಯಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ತಾಯಿ ಸಪ್ಪಲಮ್ಮ, ಇದು ಆಟ, ಇದು ಆಟ, ನನ್ನ ಮಾತಲ್ಲ. ಎಂದುಕೊಂಡು, ಗಂಡ ಕಲಿಸಿದ ರಾಗದಲ್ಲೇ, ಕಣದ ಕೊನೆಗೆ ಕೇಳುವ ಹಾಗೆ ಕೂಗಿದಳು.

"ನನ್ನ ಗಂಡ ಸತ್ತ. ಸತ್ತೋರಿಗೆ ನಮ್ಮನೇಲಿ ಕದ ತೆಗಿಯಲ್ಲ."

ನಗುವಿಗೆ ಕಾದಳು.

ನಗು ಬರಲಿಲ್ಲ. ಹಾರ್ಮೋನಿಯಂ ನಿಂತಿತು. ಯಾರೋ ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಇನ್ನೇನು ಬಂತು, ಈಗ ಬಂತು ಅಂತ ಅವಳು ಕದಕ್ಕೆ ಹಣೆ ಹಚ್ಚಿ ನಿಂತಳು. ಬಂದದ್ದು ಅಕ್ಕಯಮ್ಮನ ದನಿ.

"ಅಯ್ಯೋ ನನ್ನ ಕಂದಾ! ಯಾವ ಕಾಡಲ್ಲಿ ಬಿಟ್ಟೋ ನನ್ನಪ್ಪಾ ಜೀವಾನ! ಒಂದು ತೊಟ್ಟು ನೀರು ಬಿಡೋಕೂ ನಾನಿರಲಿಲ್ವಲ್ಲೋ!"

ಅದು ಅಳು ಅಲ್ಲ, ಸಾವಿನ ಮನೆಯ ಹಾಡು. ಹೆಣದ ಮುಂದೆ ಕೂತು ಎದೆ ಬಡಿದುಕೊಂಡು ಹೇಳುವ ಹಾಡು. ಅದು ಶುರುವಾದರೆ ಹೆಂಗಸರು ದನಿ ಸೇರಿಸದೆ ಇರುವ ಹಾಗಿಲ್ಲ. ಒಬ್ಬಳು ಸೇರಿದಳು, ಇನ್ನೊಬ್ಬಳು ಸೇರಿದಳು.

"ಅತ್ತೇ! ಅಳ್ಬೇಡಿ!" ಅಮ್ಮಯಮ್ಮ ಕದವನ್ನು ಒಳಗಿನಿಂದ ದಬದಬ ಬಡಿದಳು. "ಅದು ಆಟದ ಮಾತು! ಆಟ ಅದು! ಅಳ್ಬೇಡ್ರೇ ನಿಮ್ಮ ದಮ್ಮಯ್ಯ! ನಗ್ರೀ! ಯಾರಾದ್ರೂ ನಗ್ರಪ್ಪಾ!"

ಅಗುಳಿ ಕಿತ್ತು ಕದ ತೆರೆದಳು. ಎದುರಿಗೆ ಸಂಜೀವಪ್ಪ, ತಲೆಯ ಮೇಲೆ ಉಪ್ಪಿನ ಕುಕ್ಕೆ, ಕೆನ್ನೆಯ ಬಣ್ಣವೆಲ್ಲ ಕಣ್ಣೀರಲ್ಲಿ ಕರಗಿ ಗಡ್ಡಕ್ಕೆ ಇಳಿದಿದೆ. "ನೀನಾದ್ರೂ ನಗೋ ಸಂಜೀವಣ್ಣ. ನಗ್ತಾರೆ ಅಂದ್ಯಲ್ಲೋ!" ಅಂತ ಅವನ ಎದೆಯ ಅಂಗಿ ಹಿಡಿದು ಅಲ್ಲಾಡಿಸಿದಳು.

ಹಾರ್ಮೋನಿಯಂ ಪಕ್ಕದಲ್ಲಿ ಕೂತಿದ್ದ ಪಿಳ್ಳಪ್ಪ ಎದ್ದು ನಿಂತ. ನಕ್ಕ. ಹಹ್ಹಹ್ಹಾ ಅಂತ, ಬಾಯಿ ಪೂರಾ ತೆರೆದು. ಕೇಳಲಾಗದ ನಗು ಅದು. ಆದರೂ ನಿಲ್ಲಿಸಲಿಲ್ಲ. ಅವ್ವನನ್ನೇ ನೋಡುತ್ತ ನಕ್ಕ. ಸಂಜೀವಪ್ಪ ಕುಕ್ಕೆ ಕೆಳಗಿಟ್ಟು ಅವನ ಜತೆ ಸೇರಿದ. ಆವಲಪ್ಪ ನಕ್ಕ. ಕಟ್ಟೆಯ ಮೇಲೆ ಕೂತು ಗಂಗಣ್ಣನಿಗೆ ಎಳ್ಳುನೀರು ಬಿಟ್ಟಿದ್ದ ಹಿರಿಯರು ಟವಲಿನಿಂದ ಕಣ್ಣೊರೆಸಿಕೊಂಡು ನಕ್ಕರು. ಹೆಂಗಸರು ಹಾಡು ನುಂಗಿಕೊಂಡು ನಕ್ಕರು. ಸುತ್ತಲ ಹಳ್ಳಿಯವರು ಯಾಕೆ ಏನು ಅಂತ ಕೇಳದೆ ನಕ್ಕರು. ನೋಡನೋಡುತ್ತ ಕಣಕ್ಕೆ ಕಣವೇ ನಗಲು ಶುರುಮಾಡಿತು. ಅಷ್ಟು ದೊಡ್ಡ ನಗು ಆ ಆಟಕ್ಕೆ ಎಂದೂ ಬಿದ್ದಿರಲಿಲ್ಲ.

ಅಕ್ಕಯಮ್ಮ ಒಬ್ಬಳು ನಗಲಿಲ್ಲ.

ಅಮ್ಮಯಮ್ಮ ಸೀರೆ ಎತ್ತಿಕಟ್ಟಿ ಕೆಳಕ್ಕೆ ಹಾರಿ ಅತ್ತೆಯ ಮುಂದೆ ಕುಕ್ಕರಿಸಿದಳು. "ಅತ್ತೆ, ಕೇಳಿ, ಎಲ್ಲಾ ನಗ್ತಾವ್ರೆ. ನೀವೊಬ್ರು ನಕ್ಬಿಡಿ. ನೀವು ನಕ್ರೆ ಆಯ್ತು, ನಾನು ಹೋಗಿ ಮಿಕ್ಕಿದ್ದು ಮುಗಿಸ್ತೀನಿ. ನಿಮ್ಮ ಕಾಲು ಹಿಡ್ಕೋತೀನಿ ಅತ್ತೆ, ಒಂದೇ ಒಂದು ಸಲ."

ಮುದುಕಿ ಕೈಯಾಡಿಸಿ ಸೊಸೆಯ ಮುಖ ಹುಡುಕಿಕೊಂಡಳು. ಎರಡೂ ಕೆನ್ನೆ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ಹೆತ್ತೋಳು ಕಣೇ ನಾನು," ಅಂದಳು. "ನಂಗೆ ಯಾವತ್ತೋ ಗೊತ್ತಾಗೋಗಿತ್ತು. ನೀನು ತಡ್ಕೊಳಲ್ಲ ಅಂತ ಬೈಕೊಂಡು ಬೈಕೊಂಡು ಇದ್ದೆ ಕಣೇ ನನ್ನವ್ವಾ."

ಅಮ್ಮಯಮ್ಮ ಅವಳ ಬಾಯನ್ನೇ ನೋಡಿದಳು. ಆಮೇಲೆ ಅವಳ ಮಡಿಲಿಗೆ ಮುಖ ಹಾಕಿ, ಇಷ್ಟು ವರ್ಷ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅಳತೊಡಗಿದಳು. ಆ ಗದ್ದಲದಲ್ಲಿ ಅವಳ ಅಳು ಯಾರಿಗೂ ಕೇಳಿಸಲಿಲ್ಲ. ಅವಳು ಬೇಡಿಕೊಂಡಿದ್ದಳಲ್ಲ, ಅದಕ್ಕೆ ಊರು ಇನ್ನೂ ನಗುತ್ತಲೇ ಇತ್ತು.